ಮೊಟ್ಟೆಗೂ ಬಟ್ಟೆಗೂ ಒಂದೇ ಪದ: ನಾನು ಇಗ್ಬೊ ಕಲಿತ ಬಗೆ

ಕೆಲಸದ ಮೇಲೆ ನೈಜೀರಿಯಾದ ಎನುಗುವಿಗೆ ಬಂದ ಎರಡನೇ ವಾರ ಮೊಟ್ಟೆ ತರಲು ಒಗ್ಬೆಟೆ ಮಾರುಕಟ್ಟೆಗೆ ಹೋಗಿದ್ದೆ. ಇಲ್ಲಿನ ಜನರ ಮಾತು ಇಗ್ಬೊ. ಇಂಗ್ಲಿಷೂ ನಡೆಯುತ್ತದೆ, ಅದರ ಬೆರಕೆ ಆಡುಮಾತಾದ ಪಿಜಿನ್ನೂ ನಡೆಯುತ್ತದೆ. ಆದರೂ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ್ದ ವಾಕ್ಯವನ್ನೇ ಹೇಳಿದೆ: 'ಎಬೇ ಕ ಅ ನಾ ಎರೆ ಅಕ್ವಾ?' ಅಂದರೆ, ಮೊಟ್ಟೆ ಎಲ್ಲಿ ಮಾರುತ್ತಾರೆ? ಟೊಮೆಟೊ ಮಾರುತ್ತಿದ್ದಾಕೆ ಪ್ರೀತಿಯಿಂದ ಎದ್ದು ನಿಂತು ದಾರಿ ತೋರಿಸಿದರು. ಹೋಗಿ ನೋಡಿದರೆ ಸಾಲು ಸಾಲು ಬಟ್ಟೆ ಅಂಗಡಿ.

ಅವರು ಸರಿಯಾಗಿಯೇ ಕೇಳಿಸಿಕೊಂಡಿದ್ದರು. 'ಅಕ್ವಾ' ಪದದ ಎರಡೂ ಅಕ್ಷರ ಎತ್ತರದ ದನಿಯಲ್ಲಿ ಬಂದರೆ ಅಳು. ಮೊದಲನೆಯದು ಎತ್ತರ, ಎರಡನೆಯದು ತಗ್ಗು ಆದರೆ ಬಟ್ಟೆ. ತಗ್ಗಿನಿಂದ ಮೇಲಕ್ಕೆ ಹೋದರೆ ಮೊಟ್ಟೆ. ಎರಡೂ ತಗ್ಗಾದರೆ ಮಂಚ. ನಾವು ಕೋಪಕ್ಕೋ ಪ್ರಶ್ನೆಗೋ ದನಿ ಏರಿಸಬಹುದು, ಆದರೆ ಹೇಗೆ ಹೇಳಿದರೂ ಮರ ಮರವೇ. ಇಗ್ಬೊದಲ್ಲಿ ದನಿಯ ಏರಿಳಿತ ಪದದ ಒಳಗೇ ಇದೆ. ಅಚ್ಚಿನಲ್ಲಿ ಸಾಮಾನ್ಯವಾಗಿ ಅದರ ಗುರುತು ಹಾಕುವುದಿಲ್ಲ, ಹಾಗಾಗಿ ಪುಸ್ತಕ ನೋಡಿ ಕಲಿತವರಿಗೆ ಅದು ಸಿಗುವುದೇ ಇಲ್ಲ. ಪದಪಟ್ಟಿ ಉರುಹೊಡೆಯುವುದನ್ನು ಅಂದೇ ನಿಲ್ಲಿಸಿದೆ.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಎಲ್ಲರಂತೆ ನಾನೂ ಅವರನ್ನು 'ಮಾಮಾ' ಎನ್ನುತ್ತಿದ್ದೆ. ಅವರಿಗೆ ನಾನು 'ನ್ವಾ ಮ್', ನನ್ನ ಮಗು. (ಇಗ್ಬೊದಲ್ಲಿ 'ನನ್ನ' ಎಂಬುದು ಹಿಂದೆ ಬರುತ್ತದೆ. ಸಂಖ್ಯೆಯೂ ಹಾಗೆಯೇ, 'ಜಿ ಅಟೊ' ಎಂದರೆ ಮೂರು ಗೆಣಸು. ಆದರೆ 'ಒಂದು' ಎಂಬ 'ಒಟು' ನಮ್ಮ ಹಾಗೆ ಮುಂದೆ ನಿಲ್ಲುತ್ತದೆ.) ಸಂಜೆ ಅವರು ಎಗುಸಿ ಎಂಬ ಕಲ್ಲಂಗಡಿ ಜಾತಿಯ ಕಾಯಿಯ ಬೀಜ ಸುಲಿಯುವಾಗ ನಾನೂ ಕೂತು ಸುಲಿಯುತ್ತಿದ್ದೆ. ಅವರು ಒಂದು ಮಾತು ಹೇಳಿದರೆ ಬಾಯಿ ಮುಚ್ಚಿಕೊಂಡು 'ಹ್ಮ್ ಹ್ಮ್' ಎಂದು ಅದರ ಏರಿಳಿತವನ್ನಷ್ಟೇ ಗುನುಗುತ್ತಿದ್ದೆ. ಅವರು ತಲೆಯಾಡಿಸಿದ ಮೇಲೆ ಪದ ಸೇರಿಸುವುದು. ಇದು ಸಂಗೀತದ ಸ್ವರದಂತೆ ಕಟ್ಟುನಿಟ್ಟಾದ ಶ್ರುತಿಯಲ್ಲ, ಪಕ್ಕದ ಅಕ್ಷರಕ್ಕಿಂತ ಮೇಲೋ ಕೆಳಗೋ ಎಂಬುದಷ್ಟೇ ಲೆಕ್ಕ. ಒಂದು ತಿಂಗಳು ಇಷ್ಟನ್ನೇ ಮಾಡಿದೆ. ಹೊಸದಾಗಿ ಕಲಿಯುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ. 'ಒ ಬಿಯಾರಾ' ಎಂಬಲ್ಲಿ ಮೊದಲ 'ಒ' ಎತ್ತರವಾಗಿದ್ದರೆ ಬಂದ, ತಗ್ಗಾಗಿದ್ದರೆ ಬಂದನಾ? ನಾವು ಕೊನೆಗೆ ಸೇರಿಸುವ 'ಆ'ಕಾರದ ಕೆಲಸವನ್ನು ಅಲ್ಲಿ ಒಂದು ತಗ್ಗಿದ ದನಿ ಮಾಡುತ್ತದೆ. ಬಂದ, ಬಂದಳು, ಬಂತು ಎಲ್ಲಕ್ಕೂ ಅದೇ 'ಒ'.

ಉಚ್ಚಾರದ ಪಾಠವಾದದ್ದು ಬೆಳಗಿನ ತಿಂಡಿಯಿಂದ. ನೆಲಗಡಲೆಯ ಹಾಗೆ ಮಣ್ಣೊಳಗೆ ಬಲಿಯುವ ಬಂಬಾರಾ ಕಾಳಿನ ಹಿಟ್ಟಿಗೆ ತಾಳೆ ಎಣ್ಣೆ, ಮೆಣಸಿನಕಾಯಿ ಕಲಸಿ, ಕಟ್ಟಿ ಬೇಯಿಸಿದ ಹಳದಿ ಕಡುಬು ಒಕ್ಪಾ. ಎನುಗುವಿನಲ್ಲಿ ಬೆಳಗಾಗುವುದೇ ಅದರ ಕೂಗಿನಿಂದ: 'ಒಕ್ಪಾ ಡಿ ಒಕು!' ಬಿಸಿ ಬಿಸಿ ಒಕ್ಪಾ. ಇಲ್ಲಿ 'ಕ್ಪ' ನಮ್ಮ ಒತ್ತಕ್ಷರವಲ್ಲ. ನಾಲಿಗೆಯ ಬುಡವನ್ನೂ ತುಟಿಯನ್ನೂ ಒಟ್ಟಿಗೆ ಮುಚ್ಚಿ ಒಟ್ಟಿಗೆ ಬಿಡಬೇಕು. ಇಗ್ಬೊ ಎಂಬ ಹೆಸರೂ ಹಾಗೆಯೇ: ಇಗ್-ಬೊ ಅಲ್ಲ, ಇ-ಗ್ಬೊ. ಕನ್ನಡ ಲಿಪಿಯಲ್ಲಿ ಬರೆದುಕೊಂಡು ಓದಿದಷ್ಟು ದಿನ ನನಗಿದು ದಕ್ಕಲಿಲ್ಲ.

ಅದೇ ಕೂಗಿನಲ್ಲಿ ಇನ್ನೊಂದು ಗುಟ್ಟಿದೆ. 1961ರಲ್ಲಿ ನೆಲೆಗೊಂಡ, ರೋಮನ್ ಲಿಪಿಯ ಇಗ್ಬೊ ಅಕ್ಷರಮಾಲೆಯಲ್ಲಿ 36 ಅಕ್ಷರ, ಅವುಗಳಲ್ಲಿ 8 ಸ್ವರ. ಇ, ಒ, ಉ ಮೂರಕ್ಕೂ ಕೆಳಗೆ ಚುಕ್ಕೆಯಿಟ್ಟ, ಬಾಯಿ ಕೊಂಚ ಸಡಿಲಿಸಿ ಹೇಳುವ ಜೋಡಿಗಳಿವೆ. ಚುಕ್ಕೆಯ ಮೂರರ ಜತೆ 'ಅ' ಸೇರಿ ಒಂದು ಗುಂಪು, ಉಳಿದ ಮೂರರ ಜತೆ 'ಎ' ಸೇರಿ ಇನ್ನೊಂದು. ಒಂದು ಪದದಲ್ಲಿ ಬಹುಮಟ್ಟಿಗೆ ಒಂದೇ ಗುಂಪಿನ ಸ್ವರಗಳಿರುತ್ತವೆ. 'ಒಕ್ಪಾ ಡಿ ಒಕು' ಪೂರ್ತಿ ಚುಕ್ಕೆಯ ಗುಂಪಿನದು. ಭೂತಕಾಲಕ್ಕೆ ಹತ್ತುವ 'ರ' ಕೂಡ ಕ್ರಿಯಾಪದದ ಸ್ವರವನ್ನೇ ಹಿಡಿಯುತ್ತದೆ: ತಿಂದದ್ದು 'ರಿರಿ', ಹೋದದ್ದು 'ಗಾರಾ', ಕೊಂಡದ್ದು 'ಝುರು'. ಕಿವಿ ಪಳಗಿದ ಮೇಲೆ ಇದನ್ನು ನೆನಪಿಡಬೇಕಾಗಲಿಲ್ಲ.

ನನ್ನನ್ನು ಬಹಳ ಕಾಲ ಕಾಡಿದ್ದು ಕನ್ನಡದ ಅಭ್ಯಾಸ. ನಾವು 'ಬಂದೆ' ಎಂದರೆ ಸಾಕು, ನಾನು ಎನ್ನಬೇಕಿಲ್ಲ. ಇಗ್ಬೊ ಕ್ರಿಯಾಪದ ಯಾರೆಂದು ಹೇಳುವುದಿಲ್ಲ. 'ಬಿಯಾ' ಎಂದಷ್ಟೇ ಅಂದರೆ ಅದು 'ಬಾ' ಎಂಬ ಅಪ್ಪಣೆ. ಹಿರಿಯರ ಮುಂದೆ ಹಾಗಂದುಬಿಟ್ಟಾಗ ಮಾಮಾ ಮೆಲ್ಲಗೆ ತಿದ್ದಿದರು: 'ಅನಾ ಮ್ ಅಬಿಯಾ', ನಾನು ಬರ್ತಿದೀನಿ. ನಡುವೆ ಇರುವ ಆ ಪುಟ್ಟ 'ಮ್' ನಾನು. ಆಮೇಲೆ ಗಮನಿಸಿದೆ, ಮಾತಿನ ಮಧ್ಯೆ ಎದ್ದು ಒಳಗೆ ಹೋಗುವಾಗಲೂ ಅವರು ಹೇಳುವುದು ಇದನ್ನೇ. ಹೊರಡುವಾಗ 'ಹೋಗ್ತೀನಿ' ಅನ್ನಬೇಡ, 'ಬರ್ತೀನಿ' ಅನ್ನು ಎಂದು ಅಮ್ಮ ಕಲಿಸಿದ ಊರಿನಿಂದ ಬಂದ ನನಗೆ ಕಣ್ಣು ತುಂಬಿತು. ಆ ವಾಕ್ಯವನ್ನು ಮತ್ತೆಂದೂ ಮರೆತಿಲ್ಲ.

'ಕೆಡು' (ಹೇಗಿದ್ದೀರಿ), 'ಒ ಡಿ ಮ್ಮಾ' (ಚೆನ್ನಾಗಿದೆ), 'ಬಿಕೊ' (ದಯವಿಟ್ಟು), 'ಡಾಲು' (ಧನ್ಯವಾದ), 'ಎಗೊ ಒಲೆ?' (ಎಷ್ಟು ದುಡ್ಡು): ಇವು ದಿನಾ ಆಡಿ ತಾವಾಗಿಯೇ ಬಂದವು. ಎಕೆ, ಒರಿಯೆ, ಅಫೊ, ನ್ಕ್ವೊ ಎಂಬ ನಾಲ್ಕು ದಿನಗಳ ವಾರವೂ ಹಳ್ಳಿಗಳ ಸಂತೆಗೆ ಹೋಗಿ ಹೋಗಿ ಬಾಯಿಗೆ ಹತ್ತಿತು.

ಅತಿಥಿಗೆ ಇಲ್ಲಿ ಮೊದಲು ಕೊಡುವುದು ಕೋಲಾ ಕಾಯಿ, 'ಒಜಿ'. ಒಡೆಯುವ ಮುನ್ನ ಹಿರಿಯರು ಇಗ್ಬೊದಲ್ಲೇ ಪ್ರಾರ್ಥಿಸುತ್ತಾರೆ, ಒಜಿಗೆ ಇಂಗ್ಲಿಷ್ ಕೇಳಿಸುವುದಿಲ್ಲ ಎಂಬ ಮಾತಿದೆ. ಕಳೆದ ಸಲ ಮಾಮಾನ ಮನೆಯಲ್ಲಿ ಹಿರಿಯರೊಬ್ಬರು 'ಒನ್ಯೆ ವೆಟಾರಾ ಒಜಿ ವೆಟಾರಾ ನ್ಡು' ಎಂದರು. ಒಜಿ ತಂದವರು ಬದುಕನ್ನೇ ತಂದರು. ಯಾರೂ ಬಿಡಿಸಿ ಹೇಳದೆ ನನಗದು ಅರ್ಥವಾಯಿತು. ಪ್ರಾರ್ಥನೆಯ ಪ್ರತಿ ಸಾಲಿಗೂ ಎಲ್ಲರೂ 'ಇಸೇ!' (ಹಾಗೇ ಆಗಲಿ) ಎನ್ನುವಾಗ ನನ್ನ ದನಿಯೂ ಅವರ ಜತೆಗೇ ಇತ್ತು.