ತಾರಸಿಯ ಗಿಡಗಳಿಗೆ ನಾನು ನೀರು ಹಾಕುವ ಹೊತ್ತು

2016ರ ಏಪ್ರಿಲ್ 24, ಭಾನುವಾರ. ಅವತ್ತು ಬೆಂಗಳೂರಿನಲ್ಲಿ 39.2 ಡಿಗ್ರಿ ಬಿಸಿಲು ದಾಖಲಾಯಿತು ಅಂತ ಮರುದಿನ ಪೇಪರಿನಲ್ಲಿ ಓದಿದೆ. ನನಗೆ ಆ ದಿನ ನೆನಪಿರುವುದು ಮೆಂತ್ಯ ಸೊಪ್ಪಿನಿಂದ.

ಮಧ್ಯಾಹ್ನ ಊಟ ಮುಗಿಸಿ, ಒಣಗಿದ ಬಟ್ಟೆ ತರೋಣ ಅಂತ ಟೆರೇಸಿಗೆ ಹೋದೆ. ಹೀರೆ ಬಳ್ಳಿಯ ಎಲೆಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಹೊಟ್ಟೆ ಚುರುಕ್ ಅಂದಿತು. ಓಡಿಹೋಗಿ ನಲ್ಲಿ ತಿರುಗಿಸಿ ಪೈಪ್ ಹಿಡಿದೆ. ಬಳ್ಳಿಯ ಪಕ್ಕದಲ್ಲೇ ಟ್ರೇ ತುಂಬಾ ಹನ್ನೆರಡು ದಿನದ ಮೆಂತ್ಯ ಸೊಪ್ಪಿತ್ತು. ಮೊದಲ ನೀರು ಅದರ ಮೇಲೇ ಬಿತ್ತು. ಆ ಪೈಪ್ ಬೆಳಿಗ್ಗೆಯಿಂದ ಕಾದ ತಾರಸಿಯ ಮೇಲೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ನೀರು ಕೈಗೆ ತಾಗಿದ ಮೇಲೇ ಗೊತ್ತಾಗಿದ್ದು, ಅದು ಸ್ನಾನದ ನೀರಿಗಿಂತ ಬಿಸಿ ಇದೆ ಅಂತ. ಸಂಜೆ ಹೊತ್ತಿಗೆ ಮೆಂತ್ಯ ಬೇಯಿಸಿದ ಸೊಪ್ಪಿನ ಬಣ್ಣಕ್ಕೆ ತಿರುಗಿ ಮಲಗಿಬಿಟ್ಟಿತ್ತು. ಹೀರೆ ಬಳ್ಳಿ ಮಾತ್ರ ಎದ್ದು ನಿಂತಿತ್ತು. ಅದು ನನ್ನ ನೀರಿನಿಂದಲೇ ಎದ್ದಿದ್ದು ಅಂದುಕೊಂಡಿದ್ದೆ.

ಅಲ್ಲ ಅಂತ ಗೊತ್ತಾಗಿದ್ದು ಆಮೇಲೆ ಒಮ್ಮೆ ಲಾಲ್‌ಬಾಗಿಗೆ ಗಿಡ ತರಲು ಹೋದಾಗ. ನರ್ಸರಿಯಲ್ಲಿದ್ದ ವಯಸ್ಸಾದ ಮಾಲಿಯೊಬ್ಬರಿಗೆ ನಡೆದದ್ದನ್ನೆಲ್ಲ ಹೇಳಿದೆ. "ಮಧ್ಯಾಹ್ನ ಬಾಡಿದ್ದು ಕಂಡ್ರೆ ನೀರು ಹಾಕ್ಬೇಡಿ ಅಮ್ಮ. ಸಂಜೆ ಆರಕ್ಕೆ ಇನ್ನೊಂದ್ ಸಲ ನೋಡಿ. ಆಗ್ಲೂ ಬಾಡಿದ್ರೆ ಬಾಯಾರಿಕೆ. ಎದ್ದು ನಿಂತಿದ್ರೆ ಬರೀ ಬಿಸಿಲು" ಅಂದರು.

ಈ ಮಾತು ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಹೀರೆ, ಸೋರೆ, ಕುಂಬಳದಂಥ ಅಗಲ ಎಲೆಯ ಗಿಡಗಳು ಸುಡುಬಿಸಿಲಲ್ಲಿ ಎಲೆಯ ಸಣ್ಣ ರಂಧ್ರಗಳಿಂದ ಜಾಸ್ತಿ ನೀರು ಕಳೆದುಕೊಳ್ಳುತ್ತವೆ. ಮಣ್ಣು ಒದ್ದೆ ಇದ್ದರೂ ಬೇರು ಅಷ್ಟು ಬೇಗ ಎಳೆದು ಕೊಡಲಾರದು. ಅದಕ್ಕೇ ಎಲೆ ಜೋಲು ಬೀಳುತ್ತದೆ. ಬಿಸಿಲು ಇಳಿದರೆ ತಾನೇ ಸರಿಹೋಗುತ್ತದೆ. ಅದನ್ನು ನೋಡಿ ಹೆದರಿ ಹಸಿ ಮಣ್ಣಿಗೇ ಮತ್ತೆ ಮತ್ತೆ ನೀರು ಸುರಿದರೆ ಬೇರಿಗೆ ಗಾಳಿಯಾಡದೆ ಕೊಳೆಯುತ್ತದೆ. ನನ್ನ ಎರಡು ಟೊಮೆಟೊ ಗಿಡ ಹೋಗಿದ್ದು ಹೀಗೇ.

ಮಧ್ಯಾಹ್ನ ಬೇಡ ಅಂತ ಆಯಿತು. ಸಂಜೆ ಹಾಕೋಣ ಅಂದರು ನಮ್ಮ ಅತ್ತೆ. ಅವರು ಚನ್ನರಾಯಪಟ್ಟಣದ ಕಡೆಯವರು. "ನೋಡಮ್ಮ, ಸಂಜೆ ಹಾಕಿದ್ರೆ ಗಿಡ ರಾತ್ರಿಯೆಲ್ಲ ನಿಧಾನಕ್ಕೆ ಕುಡಿಯುತ್ತೆ. ನಮ್ಮ ಹಿತ್ತಲಲ್ಲಿ ಹಾಗೇ ಹಾಕ್ತಿದ್ದಿದ್ದು." ಅವರ ಮಾತಿನಲ್ಲಿ ನಿಜ ಇದೆ. ನೆಲದ ಮಣ್ಣು ಆಳ. ಬೇಗ ಕಾಯುವುದಿಲ್ಲ. ಸಂಜೆ ಬಿದ್ದ ನೀರು ಆವಿಯಾಗದೆ ಕೆಳಗಿಳಿಯುತ್ತದೆ. ಆದರೆ ನಮ್ಮದು ಕಾಂಕ್ರೀಟ್ ತಾರಸಿ, ಹತ್ತು ಇಂಚಿನ ಕುಂಡ. ಏಪ್ರಿಲ್‌ನಲ್ಲಿ ಸಂಜೆ ಏಳಕ್ಕೂ ಬರಿಗಾಲಲ್ಲಿ ನಿಂತರೆ ನೆಲ ಬೆಚ್ಚಗಿರುತ್ತದೆ. ಕುಂಡಕ್ಕೆ ಕೆಳಗಿಂದಲೂ ಸುತ್ತಲಿಂದಲೂ ಕಾವು. ಟ್ಯಾಂಕ್ ನೀರೂ ದಿನವೆಲ್ಲ ಕಾದಿರುತ್ತದೆ.

ಆದರೂ ಒಂದು ವರ್ಷ ಸಂಜೆಯೇ ಹಾಕಿದೆವು. ಬೇಸಿಗೆ ಹೇಗೋ ಕಳೆಯಿತು. ಪೆಟ್ಟು ಬಿದ್ದಿದ್ದು ಸೆಪ್ಟೆಂಬರಿನಲ್ಲಿ. ಬೆಂಗಳೂರಿಗೆ ಅತಿ ಹೆಚ್ಚು ಮಳೆ ಬೀಳುವ ತಿಂಗಳದು. ಮಳೆ ಬಾರದ ದಿನವೂ ರಾತ್ರಿ ತಂಡಿ. ನಾನು ಗುಲಾಬಿ ಗಿಡಕ್ಕೆ ತಲೆಯ ಮೇಲಿಂದಲೇ ನೀರು ಚಿಮುಕಿಸುತ್ತಿದ್ದೆ, ಧೂಳು ಹೋಗಲಿ ಅಂತ. ಒಂದು ಬೆಳಿಗ್ಗೆ ಎಲೆ ಹಿಡಿದು ನೋಡಿದರೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಅದರ ಸುತ್ತ ಹಳದಿ. ಎರಡು ವಾರದಲ್ಲಿ ಚುಕ್ಕೆ ಹರಡಿ, ಕೆಳಗಿನ ಎಲೆ ಒಂದೊಂದೇ ಉದುರಿ, ಗಿಡ ಬರೀ ಮುಳ್ಳಿನ ಕಡ್ಡಿಯಾಯಿತು. ಅದು ಶಿಲೀಂಧ್ರದ ಕಪ್ಪು ಚುಕ್ಕೆ ರೋಗ. ಎಲೆ ಗಂಟೆಗಟ್ಟಲೆ ಒದ್ದೆ ಇದ್ದರೆ ಆ ಶಿಲೀಂಧ್ರ ಒಳಗೆ ಇಳಿಯುತ್ತದೆ. ಸಂಜೆ ನೆನೆಸಿದ ಎಲೆ ಬೆಳಗಿನವರೆಗೂ ಒದ್ದೆಯಾಗೇ ಇರುತ್ತದೆ ಅಲ್ವಾ? ಅದೇ ಬೆಳಿಗ್ಗೆ ಒದ್ದೆಯಾದರೆ ಬಿಸಿಲೇರುತ್ತಲೇ ಆರಿಹೋಗುತ್ತದೆ.

ಎಲೆಯ ಮೇಲಿನ ಹನಿ ಭೂತಗನ್ನಡಿ ಥರ ಬಿಸಿಲನ್ನು ಸೇರಿಸಿ ಸುಡುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಹಂಗೇರಿಯ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ್ದಾರೆ. ನಯವಾದ ಎಲೆಗೆ ಹನಿಯಿಂದ ಸುಟ್ಟ ಗಾಯ ಆಗಲಿಲ್ಲ. ರೋಮದ ಮೇಲೆ ಹನಿ ನಿಲ್ಲುವ ಎಲೆಯಲ್ಲಿ ಮಾತ್ರ ಆಯಿತು. ನನ್ನ ಮೆಂತ್ಯವನ್ನು ಸುಟ್ಟಿದ್ದು ಪೈಪಿನ ಬಿಸಿನೀರು.

ಹಾಗಾಗಿ ಈಗ ಬೆಳಿಗ್ಗೆ. ದಿನದಲ್ಲಿ ಅತಿ ತಂಪು ಹೊತ್ತು ಅಂದರೆ ಸೂರ್ಯ ಹುಟ್ಟುವ ಸುಮಾರು. ರಾತ್ರಿಯೆಲ್ಲ ತಣಿದು ಕುಂಡ, ಮಣ್ಣು, ಟ್ಯಾಂಕ್ ನೀರು ಮೂರೂ ತಂಪಾಗಿರುತ್ತವೆ. ನಾನು ಬೇಸಿಗೆಯಲ್ಲಿ ಐದೂಮುಕ್ಕಾಲಿಗೆ ಮೇಲೆ ಹೋಗುತ್ತೇನೆ. ಪೂರ್ವದ ಗೋಡೆ ದಾಟಿ ಬಿಸಿಲು ಕುಂಡಗಳಿಗೆ ಬೀಳಲು ಏಳು ಆಗುತ್ತದೆ. ಅಷ್ಟರಲ್ಲಿ ಕೆಲಸ ಮುಗಿದಿರಬೇಕು.

ಮೊದಲು ಬೆರಳು. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸುತ್ತೇನೆ. ಮೇಲೆ ಒಣಗಿ ಕಂಡರೂ ಕೆಳಗೆ ತಣ್ಣಗಿದ್ದು ಮಣ್ಣು ಅಂಟಿದರೆ ಆ ಕುಂಡಕ್ಕೆ ಇವತ್ತು ಬೇಡ. ಪುಡಿಪುಡಿಯಾಗಿ ಬಂದರೆ ಬೇಕು. ಸಣ್ಣ ಕುಂಡಗಳನ್ನು ಎತ್ತಿ ನೋಡಿದರೆ ತೂಕದಲ್ಲೇ ತಿಳಿಯುತ್ತದೆ.

ಆಮೇಲೆ ನೀರು, ಎರಡು ಸುತ್ತು. ಇದನ್ನು ಹೇಳಲೇಬೇಕು. ತಾರಸಿಗೆ ಭಾರ ಆಗಬಾರದು ಅಂತ ನಾವೆಲ್ಲ ಮಣ್ಣಿಗೆ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ ಬೆರೆಸುತ್ತೇವೆ. ಅದು ಪೂರ್ತಿ ಒಣಗಿದರೆ ಬೇಗ ನೀರು ಹೀರುವುದಿಲ್ಲ. ಮಣ್ಣಿನ ಗಡ್ಡೆ ಕುಗ್ಗಿ ಕುಂಡದ ಅಂಚಿನಲ್ಲಿ ಸಂದು ಬಿಡುತ್ತದೆ. ಸುರಿದ ನೀರು ಆ ಸಂದಿಯಿಂದ ಸರ್ರಂತ ಇಳಿದು ತಟ್ಟೆ ತುಂಬುತ್ತದೆ. ನಾವು ಸಾಕು ಅಂದುಕೊಳ್ಳುತ್ತೇವೆ. ಒಳಗೆ ಬೇರು ಒಣಗೇ ಇರುತ್ತದೆ. ಅದಕ್ಕೆ ಮೊದಲ ಸುತ್ತಿನಲ್ಲಿ ಕುಂಡಕ್ಕೆ ಅರ್ಧ ಚೊಂಬು, ಮಣ್ಣಿನ ಮೇಲೆಲ್ಲ ಸುತ್ತಿಸಿ. ಕೊನೆಯ ಕುಂಡ ಮುಟ್ಟಿ ವಾಪಸ್ ಬರುವಷ್ಟರಲ್ಲಿ ಹತ್ತು ನಿಮಿಷ ಆಗಿರುತ್ತದೆ, ಮಣ್ಣು ಮೆತ್ತಗಾಗಿರುತ್ತದೆ. ಎರಡನೇ ಸುತ್ತಿನಲ್ಲಿ ಕೆಳಗಿನ ತೂತಿನಿಂದ ಹನಿ ಕಾಣುವವರೆಗೆ. ಎಲ್ಲ ಬುಡಕ್ಕೆ, ಎಲೆಗೆ ಬೇಡ.

2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುವ ಕಾವೇರಿ ನೀರು. ಆ ಆದೇಶ ನನಗೆ ಸರಿಯೇ ಅನ್ನಿಸಿತು. ಅವತ್ತಿನಿಂದ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಕೆಟ್‌ನಲ್ಲಿ ಹಿಡಿದಿಡುತ್ತೇವೆ. ಸಂಜೆ ಅಡುಗೆಯ ನೀರು ರಾತ್ರಿ ಹಾಗೇ ಇದ್ದು ಬೆಳಿಗ್ಗೆ ಗಿಡಕ್ಕೆ. ಬೆಳಗಿನ ಅಡುಗೆಯದ್ದು ಇಪ್ಪತ್ತನಾಲ್ಕು ಗಂಟೆ ಕಾದರೆ ಹುಳಿ ವಾಸನೆ ಬರುತ್ತದೆ. ಅದನ್ನು ಮನೆ ಮುಂದಿನ ಹೊಂಗೆ ಮರಕ್ಕೆ ಆಗಲೇ ಸುರಿಯುತ್ತೇವೆ, ಮರದ ಬುಡ ನೆರಳಲ್ಲೇ ಇರುತ್ತದೆ. ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರನ್ನು ಮಾತ್ರ ಕುಂಡಕ್ಕೆ ಹಾಕುವುದಿಲ್ಲ. ಅದರಲ್ಲಿ ಉಪ್ಪಿನಂಶ ಜಾಸ್ತಿ. ನೆಲ ಒರೆಸಲು ಆಗುತ್ತದೆ.

ನೀರು ಕಡಿಮೆ ಇದ್ದ ಆ ಬೇಸಿಗೆಯಲ್ಲೇ ಒಣಗಿದ ಎಲೆ ಹೊದಿಸಲು ಕಲಿತೆ. ರಸ್ತೆಯಲ್ಲಿ ಗುಡಿಸಿ ರಾಶಿ ಹಾಕಿದ ಎಲೆಯನ್ನೇ ತಂದು ಕುಂಡದ ಮೇಲೆ ಎರಡು ಇಂಚು ಹಾಸಿದೆ. ದಿನಾ ನೀರು ಕೇಳುತ್ತಿದ್ದ ದಾಸವಾಳ ದಿನ ಬಿಟ್ಟು ದಿನಕ್ಕೆ ಬಂತು.

ಬೆಳಿಗ್ಗೆ ಹಾಕಿದ್ದು ಎಲ್ಲಕ್ಕೂ ಸಾಲುವುದಿಲ್ಲ. ಏಪ್ರಿಲ್, ಮೇನಲ್ಲಿ ಆರಿಂಚಿನ ಕುಂಡದ ಪುದೀನಕ್ಕೂ ಕೊತ್ತಂಬರಿಗೂ ಸಂಜೆ ಮತ್ತೆ ಬೇಕಾಗುತ್ತದೆ. ಆರೂವರೆಗೆ ನೋಡಿ, ಮಾಲಿ ಹೇಳಿದ ಹಾಗೆ ಆಗಲೂ ಬಾಡಿದ್ದರೆ ಬುಡಕ್ಕೆ ಒಂದು ಚೊಂಬು. ಅದಕ್ಕೆ ಮುಂಚೆ ಆಕಾಶ ನೋಡುತ್ತೇನೆ. ನಮ್ಮೂರಿನ ಬೇಸಿಗೆ ಮಳೆ ಸಾಮಾನ್ಯವಾಗಿ ಸಂಜೆಯ ಗಿರಾಕಿ. ಡಿಸೆಂಬರ್, ಜನವರಿಯಲ್ಲಿ ಅವಸರ ಇಲ್ಲ, ಎಂಟಕ್ಕೆ, ಅದೂ ಎರಡು ಮೂರು ದಿನಕ್ಕೊಮ್ಮೆ. ಮಳೆಗಾಲದಲ್ಲಿ ಸಜ್ಜಾ ಕೆಳಗಿನ ಕುಂಡಗಳನ್ನು ಮರೆಯಬೇಡಿ. ಹೊರಗೆ ಧೋ ಅಂತ ಸುರಿಯುವಾಗ ಅಲ್ಲಿ ಕರಿಬೇವು ಒಣಗುತ್ತಿರುತ್ತದೆ.

ಮೊನ್ನೆ ಅತ್ತೆಯನ್ನು ಕೇಳಿದೆ, ಊರಲ್ಲಿ ತುಳಸಿಗೂ ಸಂಜೆಯೇ ನೀರು ಹಾಕುತ್ತಿದ್ದಿರಾ ಅಂತ. "ಅದು ಹೇಗಾಗುತ್ತಮ್ಮ, ತುಳಸಿಗೆ ಬೆಳಿಗ್ಗೆ ಸ್ನಾನ ಆದ್ಮೇಲೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ತುಳಸಿ ಒಂದಿನಾನೂ ಬಾಡಿದ್ದು ನೋಡಿಲ್ಲ" ಅಂದರು. ಈಗ ಬೆಳಿಗ್ಗೆ ಎರಡನೇ ಸುತ್ತಿಗೆ ಅವರೂ ಚೊಂಬು ಹಿಡಿದು ಮೇಲೆ ಬರುತ್ತಾರೆ.