ಬರೀ ಲೋಕಲ್‌ನಲ್ಲಿ ಮಂಡಿಯ ಆರ್ತ್ರೋಸ್ಕೋಪಿ: ನನ್ನ ಅನುಭವ

ಮಂಡಿಯೊಳಗೆ ಕ್ಯಾಮರಾ ಕೊಳವೆ ಹಾಕಿ ಮಾಡುವ ಈ ಆಪರೇಷನ್‌ಗೆ ಮಂಡಿಯನ್ನಷ್ಟೇ ಮರಗಟ್ಟಿಸಿದರೆ (ಲೋಕಲ್ ಅರಿವಳಿಕೆ) ಸಾಕು ಎಂದಾಗ, “ರೋಗಿ ಕಾಲು ಎಳೆದುಕೊಂಡರೆ?”, “ಟೂರ್ನಿಕೆಟ್ (ರಕ್ತ ತಡೆಯುವ ಪಟ್ಟಿ) ಇಲ್ಲದೆ ರಕ್ತದಲ್ಲಿ ಏನು ಕಾಣುತ್ತದೆ?” ಎಂದು ಕೇಳುತ್ತಿದ್ದ ಸರ್ಜನ್‌ಗಳೇ ಈಗ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಟ್ರಿಮ್ಮಿಂಗ್, ಲೂಸ್ ಬಾಡಿ (ಕೀಲಿನಲ್ಲಿ ಓಡಾಡುವ ಚೂರು) ಕೇಸುಗಳಿಗೆ ಲೋಕಲ್ ಎಂದು ತಾವೇ ಬರೆದು ಕಳಿಸುತ್ತಾರೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕೆಡುವ ಕೇಸುಗಳಲ್ಲಿ ಹೆಚ್ಚಿನವು ಅವಸರಕ್ಕೆ ಕೆಡುತ್ತವೆ. ಎಫ್ಯೂಷನ್ (ಕೀಲಿನಲ್ಲಿ ತುಂಬಿದ ನೀರು) ಇದ್ದರೆ ಮೊದಲು ಹೀರಿ ತೆಗೆಯಿರಿ, ಇಲ್ಲದಿದ್ದರೆ ಔಷಧಿ ತೆಳುವಾಗಿ ಹೋಗುತ್ತದೆ. ಪ್ರತಿ ಪೋರ್ಟಲ್‌ಗೆ (ಉಪಕರಣ ಒಳಹೋಗುವ ರಂಧ್ರ) ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಬೆರೆತ 1% ಲಿಗ್ನೋಕೇನ್ (ಮರಗಟ್ಟಿಸುವ ಔಷಧಿ) 5–6 ಎಂಎಲ್, ಚರ್ಮದಿಂದ ಕ್ಯಾಪ್ಸೂಲ್‌ವರೆಗೆ (ಕೀಲಿನ ಹೊರಚೀಲ). ಕೀಲಿನೊಳಗೆ ಹೆಚ್ಚು ಹೊತ್ತು ಮರಗಟ್ಟಿಸುವ 0.25% ಬುಪಿವಕೇನ್ ಸುಮಾರು 20 ಎಂಎಲ್. ಮಂಡಿಯನ್ನು ಕೆಲವು ಸಲ ಮಡಚಿ ಬಿಚ್ಚಿ, ಪೂರ್ತಿ 20 ನಿಮಿಷ ಬಿಡಿ. ಹತ್ತೇ ನಿಮಿಷಕ್ಕೆ ಟ್ರೋಕಾರ್ (ದಾರಿ ಮಾಡುವ ಚೂಪು ಸಲಾಕೆ) ತಳ್ಳಿದರೆ ಸೈನೋವಿಯಂ (ಕೀಲಿನ ಒಳಪದರ) ಇನ್ನೂ ಮರಗಟ್ಟಿರುವುದಿಲ್ಲ. ಹಿಂದಿನ ಕೇಸು ನಡೆಯುವಾಗಲೇ ಹೊರಗಿನ ಕೋಣೆಯಲ್ಲಿ ಚುಚ್ಚಿದರೆ ಥಿಯೇಟರ್ ಸಮಯ ಉಳಿಯುತ್ತದೆ.

ಕಾರ್ಟಿಲೇಜ್‌ಗೆ (ಮೂಳೆ ತುದಿಯ ಮೃದ್ವಸ್ಥಿ) ನರವಿಲ್ಲ, ಫ್ಯಾಟ್ ಪ್ಯಾಡ್ (ಮಂಡಿಚಿಪ್ಪಿನ ಕೆಳಗಿನ ಕೊಬ್ಬು) ಮಾತ್ರ ಬಹಳ ಸೂಕ್ಷ್ಮ. ಶೇವರ್ (ಒಳಗೆ ಕತ್ತರಿಸಿ ಹೀರುವ ಯಂತ್ರ) ಅದಕ್ಕೆ ತಗುಲಿದ ಕ್ಷಣ ರೋಗಿಯ ತೊಡೆ ಬಿಗಿಯುತ್ತದೆ, ಹಿಮ್ಮಡಿ ಟೇಬಲ್ಲಿನಿಂದ ಮೇಲೇಳುತ್ತದೆ. ಒಳಬದಿ ಮೆನಿಸ್ಕಸ್‌ನ ಹಿಂಭಾಗ ತಲುಪಲು ವ್ಯಾಲ್ಗಸ್ ಕೊಡುವಾಗಲೂ (ಕಾಲನ್ನು ಹೊರಕ್ಕೆ ಬಾಗಿಸುವುದು) ಹಾಗೆಯೇ; ರೋಗಿಗೆ ಮೊದಲೇ ಹೇಳಿ, ನಿಧಾನಕ್ಕೆ ಒತ್ತಬೇಕು.

ರಕ್ತದ ಚಿಂತೆಗೆ 3 ಲೀಟರ್ ಸಲೈನ್ ಚೀಲಕ್ಕೆ 1 ಮಿಗ್ರಾಂ ಅಡ್ರಿನಲಿನ್ ಸಾಕು. ನೋಟ ಮಬ್ಬಾಯಿತೆಂದು ಪಂಪ್ ಒತ್ತಡ ಏರಿಸುತ್ತಾ ಹೋದರೆ ಕ್ಯಾಪ್ಸೂಲ್ ಹಿಗ್ಗಿ ನೋವು ಶುರುವಾಗುತ್ತದೆ.

ಅಡ್ರಿನಲಿನ್ ಇರುವ ಲಿಗ್ನೋಕೇನ್‌ಗೆ ದೇಹತೂಕದ ಕಿಲೋಗೆ 7 ಮಿಗ್ರಾಂ, ಬುಪಿವಕೇನ್‌ಗೆ 2 ಮಿಗ್ರಾಂ ಮಿತಿ. ಎರಡನ್ನೂ ಬಳಸಿದಾಗ ವಿಷಪ್ರಭಾವ ಕೂಡುತ್ತದೆ, ಒಂದೊಂದಕ್ಕೂ ಪೂರ್ತಿ ಮಿತಿ ಎಂದು ಲೆಕ್ಕ ಹಾಕಬೇಡಿ. ಆ ವಿಷಪ್ರಭಾವಕ್ಕೆ ಕೊಡುವ 20% ಲಿಪಿಡ್ (ಕೊಬ್ಬಿನ ದ್ರಾವಣ) ಕೈಗೆಟಕುವಂತಿರಲಿ.

ಚುಚ್ಚುವಾಗಿನ ಉರಿ ತಗ್ಗಿಸಲು 10 ಎಂಎಲ್ ಲಿಗ್ನೋಕೇನ್‌ಗೆ 8.4% ಬೈಕಾರ್ಬೊನೇಟ್ 1 ಎಂಎಲ್ ಸೇರಿಸಿ ನೋಡಿದೆ, ಚೆನ್ನಾಗಿ ಕೆಲಸ ಮಾಡಿತು. ಅದೇ ಅಳತೆಯಲ್ಲಿ ಬುಪಿವಕೇನ್‌ಗೆ ಬೆರೆಸಬೇಡಿ, ಗಸಿ ಕಟ್ಟುತ್ತದೆ. ಆಪರೇಷನ್ ನಂತರ ಕೀಲಿನೊಳಗೆ ಕ್ಯಾಥಿಟರ್ ಬಿಟ್ಟು ಬುಪಿವಕೇನ್ ಹರಿಸುವುದಂತೂ ಬೇಡವೇ ಬೇಡ, ಕಾರ್ಟಿಲೇಜ್ ಕೋಶಗಳು ಸಾಯುತ್ತವೆ.

ತೀರಾ ಹೆದರುವವರಿಗೆ, ಲಿಗಮೆಂಟ್ ಕೆಲಸಕ್ಕೆ ಸ್ಪೈನಲ್ಲೇ (ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆ) ಸರಿ: ಪೆನ್ಸಿಲ್ ಪಾಯಿಂಟ್ 25 ಅಥವಾ 27 ಗೇಜ್ ಸೂಜಿ, ಬೇಗ ಇಳಿಯುವ ಕ್ಲೋರೋಪ್ರೋಕೇನ್ 40 ಮಿಗ್ರಾಂ. ಸರ್ಜನ್‌ಗೆ ಸುಮಾರು ಒಂದು ಗಂಟೆ ಸಿಗುತ್ತದೆ, ಎರಡು-ಮೂರು ಗಂಟೆಗೆ ರೋಗಿ ನಡೆಯುತ್ತಾರೆ. ಬುಪಿವಕೇನ್ ಆದರೆ ಮೂತ್ರ ಇಳಿಯುವುದನ್ನೇ ಕಾಯುತ್ತಾ ಕೂರಬೇಕು. ಸ್ಪೈನಲ್‌ಗೆ ಲಿಗ್ನೋಕೇನ್ ಬಿಟ್ಟುಬಿಟ್ಟೆ. ಅದರ ನಂತರ ಆರ್ತ್ರೋಸ್ಕೋಪಿ ರೋಗಿಗಳಲ್ಲಿ ಪೃಷ್ಠ, ತೊಡೆ ನೋವಿನ ದೂರು ಜಾಸ್ತಿ.

ಲೋಕಲ್‌ನಲ್ಲಿ ಹಣ ಉಳಿಯುವುದು ರಿಕವರಿ ಹಾಸಿಗೆ ಮತ್ತು ನರ್ಸ್ ಸಮಯದಲ್ಲಿ. ನಡುವೆ ಜನರಲ್‌ಗೆ (ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ) ತಿರುಗಿದರೆ ಎರಡೆರಡು ಖರ್ಚು. ಆ ಸಾಧ್ಯತೆ ಇರುವುದರಿಂದ ಹಗುರ ಊಟ 6 ಗಂಟೆ, ನೀರು 2 ಗಂಟೆ ಮೊದಲೇ ನಿಲ್ಲಿಸಿ. ರಕ್ತ ಹೆಪ್ಪುಗಟ್ಟದಂತೆ ಕ್ಲೊಪಿಡೋಗ್ರೆಲ್ ನುಂಗುವವರಿಗಂತೂ ಲೋಕಲ್ ನನ್ನ ಮೊದಲ ಆಯ್ಕೆ, ಸ್ಪೈನಲ್‌ಗಾದರೆ ಆ ಗುಳಿಗೆಯನ್ನು 5–7 ದಿನ ನಿಲ್ಲಿಸಬೇಕಾಗುತ್ತದೆ.