ಬೆಳಗ್ಗೆ ಕಡಲು, ಸಂಜೆ ಕಾಡು: ಮಲ್ಪೆ ಮತ್ತು ಆಗುಂಬೆಯನ್ನು ಒಂದೇ ದಿನದಲ್ಲಿ ಮುಗಿಸಿದ ನನ್ನ ಅನುಭವ

ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನೂ ಆಗುಂಬೆಯ ಮಳೆಕಾಡನ್ನೂ ಒಂದೇ ದಿನದಲ್ಲಿ ನೋಡಿಕೊಂಡು ರಾತ್ರಿ ಊಟಕ್ಕೆ ಶಿವಮೊಗ್ಗಕ್ಕೆ ಮರಳಬಹುದು ಎಂದು ನಾನು ಮೂರು ವರ್ಷಗಳಿಂದ ಹೇಳುತ್ತಾ ಬಂದಿದ್ದೆ. ನಮ್ಮ ಬಳಗದಲ್ಲಿ ಅದನ್ನು ನಂಬಿದವರು ಒಬ್ಬರೂ ಇರಲಿಲ್ಲ. "ಕಾಡಾದರೂ ನೋಡು, ಕಡಲಾದರೂ ನೋಡು, ಎರಡಕ್ಕೂ ಹೊರಟರೆ ನೋಡುವುದು ಗಾಡಿಯ ಕಿಟಕಿಯನ್ನಷ್ಟೇ ಮಾರಾಯ" ಎಂದು ನಮ್ಮೊಳಗಿನ ಹಿರಿಯ ಗೆಳೆಯ 500 ರೂಪಾಯಿ ಪಂಥವನ್ನೂ ಕಟ್ಟಿದ್ದ. ಕಳೆದ ನವೆಂಬರಿನ ಮೊದಲ ವಾರ, ನಾಲ್ಕನೆಯ ಪ್ರಯತ್ನದಲ್ಲಿ, ನನ್ನನ್ನೂ ಸೇರಿಸಿ ಎಂಟು ಮಂದಿಯ ತಂಡ ಕಟ್ಟಿಕೊಂಡು ಹೋಗಿ ಅದನ್ನು ಮಾಡಿ ತೋರಿಸಿದೆ.

ಮೊದಲ ಸಲ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ದಾರಿಯಲ್ಲಿ ಮೊದಲು ಸಿಗುವುದು ಆಗುಂಬೆ, ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ ಎಂದುಕೊಂಡೆವು. ಅಲ್ಲಿನ ಜೋಗಿಗುಂಡಿ ಜಲಪಾತದ ನೀರಿಗೆ ಇಳಿದವರನ್ನು ಮೇಲೆಬ್ಬಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಮಲ್ಪೆ ತಲುಪಿದಾಗ ಕೊನೆಯ ದೋಣಿ ಹೊರಟುಹೋಗಿತ್ತು. ಎರಡನೆಯ ಸಲ ಸೆಪ್ಟೆಂಬರ್ ಕೊನೆಗೆ, ಮಳೆ ನಿಂತಿತಲ್ಲ, ದೋಣಿ ಬಿಟ್ಟಿರಬಹುದು ಎಂಬ ಊಹೆಯ ಮೇಲೆಯೇ ಹೊರಟೆ. ಕಡಲು ಇನ್ನೂ ಕುದಿಯುತ್ತಿತ್ತು, ಜೆಟ್ಟಿಯಲ್ಲಿ ನಾಯಿಗಳ ಹೊರತು ಯಾರೂ ಇರಲಿಲ್ಲ. ಆ ದಿನದ ಟಿಟಿ (ಟೆಂಪೊ ಟ್ರಾವೆಲರ್) ಬಾಡಿಗೆಯಲ್ಲಿ ಹತ್ತಿರ ಹತ್ತಿರ 3,000 ರೂಪಾಯಿಯನ್ನು, ನನ್ನದೇ ತಪ್ಪಾದ್ದರಿಂದ, ನಾನೇ ಹೊತ್ತುಕೊಳ್ಳಬೇಕಾಯಿತು.

ತೀರ್ಥಹಳ್ಳಿಯಿಂದ ಆಗುಂಬೆ, ಹೆಬ್ರಿ, ಉಡುಪಿಯ ಮೂಲಕ ಮಲ್ಪೆಯವರೆಗೆ 169ಎ ಹೆದ್ದಾರಿ ಒಂದೇ ಆಗಿರುವುದರಿಂದ ದಾರಿಯಲ್ಲಿ ಉಳಿಸಬಹುದಾದ ಸಮಯವೇನೂ ಇಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು. ಬದಲಿಸಬಹುದಾದದ್ದು ಕ್ರಮವನ್ನು ಮಾತ್ರ. ದೋಣಿ ನಮಗಾಗಿ ಕಾಯುವುದಿಲ್ಲ, ಆದರೆ ಕಾಡು ಕತ್ತಲಾಗುವವರೆಗೂ ಅಲ್ಲೇ ಇರುತ್ತದೆ. ಹಾಗಾಗಿ ಆಗುಂಬೆಯನ್ನು ಕತ್ತಲಲ್ಲೇ ದಾಟಿ ನೇರವಾಗಿ ಕಡಲಿಗೆ ಇಳಿದು, ಮಧ್ಯಾಹ್ನದ ಮೇಲೆ ಘಾಟಿ ಹತ್ತಿ ಕಾಡಿಗೆ ಬರಬೇಕು.

ಮೂರನೆಯ ಸಲ ಹೀಗೆಯೇ ಹೋದೆವು, ಆದರೂ ಕೆಟ್ಟಿತು. ಡಿಸೆಂಬರಿನ ಭಾನುವಾರವಾಗಿದ್ದರಿಂದ ದೋಣಿಯ ಸರದಿಯಲ್ಲಿ ಎರಡು ಗಂಟೆ ಹೋಯಿತು. ಆ ಸಿಟ್ಟಿಗೆ ಎಲ್ಲರೂ ಮೀನೂಟವನ್ನು ಹೊಟ್ಟೆ ಬಿರಿಯುವಂತೆ ಉಂಡರು. ಪರಿಣಾಮವಾಗಿ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಆರನೆಯದಕ್ಕೆ ಒಬ್ಬ, ಒಂಬತ್ತನೆಯದಕ್ಕೆ ಇಬ್ಬರು ಗಾಡಿ ನಿಲ್ಲಿಸಿದರು. ಆಗುಂಬೆ ತಲುಪಿದಾಗ ಸೂರ್ಯ ಮುಳುಗುತ್ತಿದ್ದ. ಕಾಡನ್ನು ಕಿಟಕಿಯಿಂದ ನೋಡಿದ್ದು ಲೆಕ್ಕಕ್ಕಿಲ್ಲ ಎಂದು ಪಂಥ ಕಟ್ಟಿದವನು ತೀರ್ಪು ಕೊಟ್ಟ, ಅದನ್ನು ನಾನು ಒಪ್ಪಲೇಬೇಕಾಯಿತು.

ನಾಲ್ಕನೆಯ ಸಲ ಮಂಗಳವಾರವನ್ನು ಆರಿಸಿದೆ. ವಾರದ ನಡುವೆ ಇನ್ನೊಂದು ತೊಡಕಿದೆ: ಮೂವತ್ತು ಜನ ಕೂಡದೆ ದೋಣಿ ಬಿಡುವುದಿಲ್ಲ. ನಾವು ಎಂಟು ಮಂದಿ ಹೋಗಿ ಒಂಬತ್ತೂವರೆಯ ಹೊತ್ತಿಗೇ ದೋಣಿಯಲ್ಲಿ ಕುಳಿತದ್ದು ಹೇಗೆ ಎಂಬುದನ್ನು ಇಲ್ಲಿ ಪೂರ್ತಿಯಾಗಿ ಬಿಡಿಸಿ ಹೇಳುವುದಿಲ್ಲ. ನವೆಂಬರ್ ಶಾಲಾ ಪ್ರವಾಸಗಳ ಕಾಲ ಎಂಬುದನ್ನು ನೆನಪಿಸಿದರೆ ಈ ಕೆಲಸ ಬಲ್ಲವರಿಗೆ ಅಷ್ಟೇ ಸಾಕು.

ದ್ವೀಪದಲ್ಲಿ ಒಂದೂಕಾಲು ಗಂಟೆ ಸಿಕ್ಕಿತು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಇನ್ನೂ ನಮ್ಮ ಮಗ್ಗುಲಲ್ಲೇ ಇದ್ದ ಕಾಲದ ಲಾವಾ ತಣಿದು ಕುಗ್ಗುತ್ತಾ ಐದು, ಆರು ಮುಖಗಳಾಗಿ ಬಿರಿದ ಕಂಬಗಳವು. ದೂರದಿಂದ ಒಟ್ಟಿದ ಸೌದೆಯಂತೆ ಕಾಣುತ್ತವೆ. ಹತ್ತಿರ ಹೋದರೆ ನೀರಿನಂಚಿನ ಕಂಬಗಳ ತಲೆಯ ಮೇಲೆ ಪಾಚಿ, ಸಂದುಗಳಲ್ಲಿ ಬ್ಲೇಡಿನಷ್ಟು ಹರಿತವಾದ ಚಿಪ್ಪುಗಳು. ಬರಿಗಾಲಲ್ಲಿ ಹತ್ತಿದ ಒಬ್ಬನ ಹೆಬ್ಬೆರಳು ಸೀಳಿತು. ಹವಾಯಿ ಚಪ್ಪಲಿಯೂ ಅಲ್ಲಿ ಜಾರುತ್ತದೆ, ಹಳೆಯ ಕ್ಯಾನ್ವಾಸ್ ಶೂ ಒಂದೇ ಹಿಡಿತ ಕೊಟ್ಟಿತು.

ಊಟಕ್ಕೆ ಈ ಸಲ ನನ್ನದೇ ಕಟ್ಟಳೆ: ಹನ್ನೆರಡೂವರೆಗೆ ಅರ್ಧ ಹೊಟ್ಟೆ ಅನ್ನ, ಸಾರು, ಮಜ್ಜಿಗೆ, ಅಷ್ಟೇ. ಬೆಳಗಿನ ತಿಂಡಿಗೆ ಎಣ್ಣೆಯಲ್ಲಿ ಕರಿದ ಬನ್ಸನ್ನೂ ನಿಷೇಧಿಸಿದ್ದೆ, ಅದಕ್ಕಾಗಿ ಬೈಸಿಕೊಂಡೆ. ಹೆಬ್ರಿಯಲ್ಲಿ ಇಪ್ಪತ್ತು ನಿಮಿಷ ನಿಂತು ಎಲ್ಲರಿಗೂ ಉಪ್ಪು ಸವರಿದ ಶುಂಠಿಯ ಚೂರು ಹಂಚಿ, ಹಿಂದಿನ ಸಲ ವಾಂತಿ ಮಾಡಿದ್ದ ಮೂವರನ್ನು ಮುಂದಿನ ಸೀಟುಗಳಿಗೆ ಕೂರಿಸಿದೆ. ಹದಿನಾಲ್ಕೂ ತಿರುವು ದಾಟಿದೆವು, ಗಾಡಿ ಒಮ್ಮೆಯೂ ನಿಲ್ಲಲಿಲ್ಲ. ಇದು ನನ್ನ ಈ ದಿನದ ದೊಡ್ಡ ಸಾಧನೆ ಎಂದೇ ನಾನು ತಿಳಿದಿದ್ದೇನೆ.

ಉಂಬಳದ (ಕಾಡಿನ ಜಿಗಣೆಯ) ವಿಷಯದಲ್ಲಿ ನಾನು ನಡೆಸಿದ ಪ್ರಯೋಗವನ್ನೂ ಇಲ್ಲಿ ದಾಖಲಿಸಬೇಕು. ಮೊದಲ ಪ್ರವಾಸದಲ್ಲೇ ನಾಲ್ವರ ಕಾಲಿಗೆ ನಾಲ್ಕು ಬಗೆಯ ಮದ್ದು ಹಚ್ಚಿದ್ದೆ. ಉಪ್ಪಿನ ಗಂಟು ಮೊದಲ ಹಳ್ಳದಲ್ಲೇ ಕರಗಿತು. ಸುಣ್ಣ ಉಂಬಳವನ್ನು ತಡೆಯಿತು, ಆದರೆ ಚರ್ಮವನ್ನೂ ಸುಟ್ಟಿತು. ಹೊಗೆಸೊಪ್ಪಿನ ನೀರು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತಾದರೂ ಆ ವಾಸನೆಗೆ ಗಾಡಿಯಲ್ಲಿ ಕೂರಲಾಗಲಿಲ್ಲ. ಕೊಬ್ಬರಿ ಎಣ್ಣೆಗೆ ಡೆಟಾಲ್ ಬೆರೆಸಿದ್ದು ಮುಕ್ಕಾಲು ಗಂಟೆ ತಡೆಯಿತು. ಈಗ ಅದೇ ಎಣ್ಣೆಗೆ ಮೂರನೆಯ ವಸ್ತುವೊಂದನ್ನು ಸೇರಿಸುತ್ತೇನೆ, ಎರಡು ಗಂಟೆ ಬಾಳಿಕೆ ಬರುತ್ತದೆ. ಅದು ಯಾವುದೆಂದು ನನ್ನ ಹೆಂಡತಿಗೂ ಹೇಳಿಲ್ಲ.

ಮೂರೂಕಾಲಕ್ಕೆ ಆಗುಂಬೆ ಮುಟ್ಟಿ ಎರಡು ಗಂಟೆ ಪೂರ್ತಿಯಾಗಿ ಕಾಡಿನಲ್ಲಿದ್ದೆವು. ಜೋಗಿಗುಂಡಿಯ ದಾರಿಯ ಒಂದು ಮರದ ಕಾಂಡದಲ್ಲಿ ತೊಗಟೆಯೇ ಅಲುಗಿದಂತಾಯಿತು. ನೋಡಿದರೆ ಹಾರುವ ಓತಿ. ಗಂಟಲಿನ ಹಳದಿ ಚೀಲವನ್ನು ಎರಡು ಸಲ ಹೊರಚಾಚಿ, ಪಕ್ಕೆಯ ರೆಕ್ಕೆ ಬಿಚ್ಚಿ ಮುಂದಿನ ಮರಕ್ಕೆ ತೇಲಿತು. ಅದನ್ನು ಮೊದಲು ಕಂಡವನು ಪಂಥ ಕಟ್ಟಿದವನೇ.

ಖರ್ಚು ನೆನಪಿನಿಂದ ಹೇಳುವುದಾದರೆ, ಟಿಟಿಗೆ ಸುಮಾರು 320 ಕಿಲೋಮೀಟರಿಗೆ ಚಾಲಕನ ಭತ್ಯೆಯೂ ಸೇರಿ 7,000, ದೋಣಿಗೆ ಎರಡೂವರೆ ಸಾವಿರದ ಆಸುಪಾಸು, ಊಟ ತಿಂಡಿಗೆ 2,200. ತಲಾ 1,500 ರೂಪಾಯಿಯ ಒಳಗೇ ಮುಗಿಯಿತು. ಎರಡು ಕಾರುಗಳಲ್ಲಿ ಹೋಗಿದ್ದರೆ ತುಸು ಅಗ್ಗವಾಗುತ್ತಿತ್ತೇನೋ, ಆದರೆ ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಮಂಜಿನಲ್ಲಿ ಆ ಘಾಟಿ ಇಳಿಯಲು ಅಲ್ಲಿನ ತಿರುವು ಬಲ್ಲ ಚಾಲಕನೇ ಬೇಕು.

ಆರು ಗಂಟೆಗೆ ಐದು ನಿಮಿಷವಿರುವಾಗ ಸೂರ್ಯಾಸ್ತದ ಕಟ್ಟೆಯಲ್ಲಿ ನಿಂತೆವು. ಮೋಡವಿರಲಿಲ್ಲ. ಬೆಟ್ಟಗಳ ಆಚೆ, ಬೆಳಗ್ಗೆ ನಾವು ತೇಲಿದ್ದ ಕಡಲು ತಗಡಿನ ಪಟ್ಟಿಯಂತೆ ಒಂದೆರಡು ನಿಮಿಷ ಹೊಳೆಯಿತು. ತೀರ್ಥಹಳ್ಳಿಯಲ್ಲಿ ಚಹಾಕ್ಕೆ ನಿಂತಾಗ ಹಿರಿಯ ಗೆಳೆಯ ಮಾತಿಲ್ಲದೆ ನನ್ನ ಕೈಗೆ 380 ರೂಪಾಯಿ ಇಟ್ಟ. ಉಳಿದ 120 ಎಲ್ಲರ ಚಹಾ ಬಜ್ಜಿಗೆ ಹೋಯಿತಂತೆ.